ನಗರದ ದಂಗೆಯ ಮೂಲಕಾರಣಗಳು

ದೊರೆಗೂ ಪ್ರಜೆಗಳ ಸಭೆಗೂ ಒದಗಿದ ಕಲಹವೆಂದೊಡನೆ ವಿದ್ಯಾವಂತರ ನೆನಪಿಗೆ ಬರುವುದು ಆಂಗ್ಲದೇಶದ ಮೊದಲನೆಯ ಚಾರ್ಲ್ಸನ ಕಥೆ. 1629ರಿಂದ ಹನ್ನೊಂದು ವರ್ಷಕಾಲ ಪಾರ್ಲಿಮೆಂಟನ್ನು ಕರೆಯದೆ, ಅದರ ಸಮ್ಮತಿಯಿಲ್ಲದ ತೆರಿಗೆಗಳನ್ನು ವಸೂಲು ಮಾಡಿದ ಆ ದೊರೆಯು 1642ರಲ್ಲಿ ತನ್ನ ಪ್ರಜೆಗಳೊಡನೆಯೇ ಯುದ್ಧಕ್ಕೆ ನಿಂತನು. ಅದಕ್ಕೆ ಸಮೀಪದ ಪ್ರಕರಣವೊಂದು 1830-31ರಲ್ಲಿ ನಮ್ಮ ಮೈಸೂರು ಸೀಮೆಯಲ್ಲಿಯೇ ನಡೆಯಿತು. ಇಲ್ಲಿ ಪಾರ್ಲಿಮೆಂಟಿರಲಿಲ್ಲ, ರೈತರ ಕೂಟವಿದ್ದಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಮಿತಿಮೀರಿದ ಔದಾರ್ಯವೇ ಈ ಅನರ್ಥಕ್ಕೆಲ್ಲ ಮೂಲವೆಂದು ಹೇಳುವುದು ವಾಡಿಕೆ. 1811ರಲ್ಲಿ ದಿವಾನ್ ಪೂರ್ಣಯ್ಯನವರು ತುಂಬಿಸಿ ಬಿಟ್ಟುಹೋದ ಬೊಕ್ಕಸವು ಬರಿದಾದುದೂ ನಿಜವೇ. ಆದರೆ ಆ ಮಾತನ್ನು ಹೆಚ್ಚಾಗಿ ಹಬ್ಬಿಸಿದವರು ಕಂಪೆನಿಯ ಅಧಿಕಾರಿಗಳು. 1799ರ ಒಪ್ಪಂದದಂತೆ ಅದೇ ಕಂಪೆನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯು ಸಲ್ಲಬೇಕಾಗಿದ್ದಿತೆಂಬುದನ್ನು ಅವರು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಮಳೆ ಬರಲಿ, ಬಾರದಿರಲಿ, ಧಾನ್ಯದ ಧಾರಣೆ ಏರಲಿ, ಇಳಿಯಲಿ, ಆ ಮೊತ್ತದಲ್ಲಿ ಕಾಸೂ ಕಡಮೆಯಾಗುವಂತಿರಲಿಲ್ಲ.

ಈ ಭಾರವು ಕೊನೆಗೆ ಬಿದ್ದುದು ರೈತನ ಮೇಲೆ. ಬಿದ್ದ ಬಗೆಯನ್ನು ತಿಳಿಯಬೇಕಾದರೆ 'ಶರತ್ತು' ಎಂಬ ಪದ್ಧತಿಯನ್ನು ನೋಡಬೇಕು. ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ವಸೂಲು ಮಾಡಿ ಒಪ್ಪಿಸುವೆನೆಂದು ಅಮಲ್ದಾರನು ಮೊದಲೇ ಕರಾರು ಬರೆದುಕೊಡುತ್ತಿದ್ದನು. ಕಡಮೆಬಿದ್ದರೆ ಅವನು ತನ್ನ ಕೈಯಿಂದ ತುಂಬಬೇಕು. ಹೆಚ್ಚಾದರೆ ಸರ್ಕಾರಕ್ಕೆ ಕಟ್ಟಬೇಕು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೈಯಿಂದ ತುಂಬಬೇಕಾದ ಅಮಲ್ದಾರನು ರೈತನ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲುವನೆಂಬುದನ್ನು ಯಾರಾದರೂ ಊಹಿಸಬಹುದು. ಅನ್ಯಾಯವಾಯಿತೆಂದು ರೈತನು ದೂರಿಕೊಳ್ಳಬೇಕಾದುದೂ ಆ ಅಮಲ್ದಾರನ ಮೇಲಿನವರಲ್ಲಿಯೇ. ಅವರಿಗೂ ಬೇಕಾದುದು ಕರಾರಿನ ಹಣವೇ.

ನಗರದ ಫೌಜುದಾರಿಯಲ್ಲಿ ಇದರೊಡನೆ ಮತ್ತೊಂದು ತೊಡಕು ಕೂಡಿತು. ಅಲ್ಲಿಯ ದೊಡ್ಡ ಹುದ್ದೆಗಳು ಬಹುಕಾಲ ಒಂದೇ ಬಳಗದವರ ಕೈಯಲ್ಲಿದ್ದವು. ಹಿಂದಿನವರು ಸಲ್ಲದ ಮಾಫಿಗಳನ್ನು ಕೊಟ್ಟಿರುವರೆಂದು ಹೊಸ ಫೌಜುದಾರ ವೀರರಾಜ ಅರಸರು ಹಳೆಯ ಬಾಕಿಗಳನ್ನು ಕೆದಕಿದರು. ಬಿಟ್ಟುಹೋಯಿತೆಂದು ನಂಬಿದ್ದ ಹಣವನ್ನು ಮತ್ತೆ ಕೇಳಿದರೆ ಯಾವ ಒಕ್ಕಲಿಗನು ತಾನೇ ಸಹಿಸುವನು? ಅಧಿಕಾರ ಕಳೆದುಕೊಂಡವರ ಕುಮ್ಮಕ್ಕೂ ಬೆಂಕಿಗೆ ಗಾಳಿಯಾಯಿತು.

1830ರಲ್ಲಿ ಊರೂರುಗಳಿಂದ ರೈತರು ಕೂಟ ಸೇರಿ, ಕುಂದುಕೊರತೆಗಳು ಪರಿಹಾರವಾಗುವವರೆಗೂ ಕಂದಾಯ ಕೊಡುವುದಿಲ್ಲವೆಂದು ನಿಂತರು. ಪಾರ್ಲಿಮೆಂಟಿನ ಕೈಯಲ್ಲಿದ್ದ ಆಯುಧವೂ ಇದೇ ಅಲ್ಲವೆ? ಆದರೆ ಕೂಟಕ್ಕೆ ಶಾಸನದ ಬಲವಿರಲಿಲ್ಲ; ಅದರ ಮಾತನ್ನು ಕೇಳಿಕೊಳ್ಳುವ ಸ್ಥಾನವೂ ಅರಮನೆಯಲ್ಲಿರಲಿಲ್ಲ. ಕೆಳದಿಯ ಸಂಸ್ಥಾನಕ್ಕೆ ತಾನೇ ವಾರಸುದಾರನೆಂದ ಬೂದಿ ಬಸಪ್ಪನೂ, ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಬಂದು ಕೂಡಿದ ಮೇಲೆ ಅಹವಾಲು ಹೋಗಿ ಯುದ್ಧವಾಯಿತು. ಬಸಪ್ಪನಿಗೆ ಗದ್ದುಗೆ ಬೇಕಾಗಿದ್ದಿತು, ರೈತರಿಗೆ ಬಾಕಿಯ ಮಾಫಿ. ಒಂದೇ ದಂಡಿನಲ್ಲಿ ಎರಡು ಆಸೆಗಳು ನಡೆದವು. ಅರಸರ ಸೈನ್ಯದಿಂದ ಕೆಲಸವಾಗದೆ ಕಂಪೆನಿಯ ಪಡೆ ಬಂದಿತು. 1831ರಲ್ಲಿ ನಗರದ ಕೋಟೆಯು ಅದರ ವಶವಾಯಿತು.

ಆಂಗ್ಲದೇಶಕ್ಕೂ ನಮಗೂ ಇರುವ ಭೇದವು ಇಲ್ಲಿದೆ. ಅಲ್ಲಿ ದೊರೆಯು 1649ರಲ್ಲಿ ತಲೆಯನ್ನೇ ಕಳೆದುಕೊಂಡರೂ ಅಧಿಕಾರವು ಆ ದೇಶದವರ ಕೈಯಲ್ಲಿಯೇ ಉಳಿಯಿತು. ಇಲ್ಲಿ ಜಗಳವಾಡಿದವರಿಬ್ಬರೂ ಸೋತು, ನಡುವೆ ನಿಂತಿದ್ದವನು ಗೆದ್ದನು. ಪೊಗದಿಗೆ ಅಪಾಯವುಂಟೆಂಬ ನೆಪವನ್ನು ಮುಂದಿಟ್ಟು ಗೌರ್ನರ್ ಜನರಲ್ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ರಾಜ್ಯಭಾರವನ್ನು ತೆಗೆದುಕೊಂಡನು. ಕಮಿಷನರರ ಕಚೇರಿಗಳು ಬೆಂಗಳೂರಿನಲ್ಲಿ ನೆಲೆಯಾದವು. ಅಧಿಕಾರವು ಅರಸರ ಮನೆತನಕ್ಕೆ ಮರಳಿದುದು 1881ರಲ್ಲಿ. ಮುಮ್ಮಡಿಯವರು ಅದಕ್ಕೆ 13 ವರ್ಷ ಮೊದಲೇ ತೀರಿಕೊಂಡಿದ್ದರು.

ಅದೇ 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ನೂರನಲವತ್ತನಾಲ್ಕು ಮಂದಿ ಸದಸ್ಯರು ಬಂದರು. ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಅವರು ಅಲ್ಲಿ ಅರಿಕೆ ಮಾಡಿಕೊಳ್ಳಬಹುದಾಗಿದ್ದಿತು. ಕಂದಾಯವನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ.