ಪರರ ಹೊಲದೊಳಗಿನ ಕಾಲುವೆ: ವಿಜ್ಞಾನೇಶ್ವರನಿಂದ ವಾಘಾಡದವರೆಗೆ

ಒಬ್ಬನ ಹೊಲದ ನಡುವೆ ಇನ್ನೊಬ್ಬನ ಹೊಲಕ್ಕೆ ನೀರೊಯ್ಯುವ ಕಾಲುವೆಯೊಂದು ಹಾದುಹೋಗುತ್ತಿದ್ದರೆ, ಆ ಕಾಲುವೆಯ ನೆಲ ಯಾರದು? ಅದರ ಹೂಳೆತ್ತಬೇಕಾದವರು ಯಾರು? ನೆಲದ ಒಡೆಯ ಅದನ್ನು ಮುಚ್ಚಬಹುದೇ? ನೀರಾವರಿಯಷ್ಟೇ ಹಳೆಯದಾದ ಈ ಪ್ರಶ್ನೆಗಳಿಗೆ ದಖ್ಖನ್ ಪ್ರಸ್ಥಭೂಮಿ ಕೊಟ್ಟ ಉತ್ತರಗಳ ಚರಿತ್ರೆ ಸ್ವಾರಸ್ಯಕರವಾದುದು. ಇಂದಿನ ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಸೀಮೆಗಳಲ್ಲಿ ಆ ಚರಿತ್ರೆಯ ಕುರುಹುಗಳು ಈಗಲೂ ಕಾಣುತ್ತವೆ. ಅದರ ಬೇರೊಂದು ಮಾತ್ರ ಕನ್ನಡ ನಾಡಿನ ಕಲ್ಯಾಣದಲ್ಲಿದೆ.

ಕಲ್ಯಾಣವೆಂದರೆ ಇಂದು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಇಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ನಾಸಿಕ್ ಸೀಮೆಯ ಸಿನ್ನರ ಪ್ರದೇಶವನ್ನು ಆಗ ಆಳುತ್ತಿದ್ದ ಸೇವುಣರು ಇದೇ ಕಲ್ಯಾಣದ ಚಾಲುಕ್ಯರ ಸಾಮಂತರು. ಮುಂದೆ ಸ್ವತಂತ್ರರಾಗಿ ದೇವಗಿರಿಯನ್ನು ರಾಜಧಾನಿ ಮಾಡಿಕೊಂಡಾಗಲೂ ಅವರು ಕನ್ನಡದಲ್ಲಿ ಹಲವಾರು ಶಾಸನಗಳನ್ನು ಹಾಕಿಸಿದರು. ಹೀಗೆ ಗೋದಾವರಿಯ ಈ ದಂಡೆಗಳು ನಮಗೆ ಹೊರನಾಡಾದರೂ ಪರನಾಡಲ್ಲ.

ಮಿತಾಕ್ಷರಾ ಎಂದೊಡನೆ ದಾಯಭಾಗದ ನೆನಪಾಗುವುದು ಸಹಜ. 1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದುದು ಆ ಭಾಗವನ್ನೇ. ವಸಾಹತು ನ್ಯಾಯಾಲಯಗಳು ಆಸ್ತಿ ಹಂಚಿಕೆಗೆ ಅದನ್ನೇ ಬಳಸಿದವು. ಆದರೆ ಅದೇ ಗ್ರಂಥದ ಸೀಮಾವಿವಾದ ಪ್ರಕರಣದಲ್ಲಿ ಪರರ ನೆಲದಲ್ಲಿ ಸೇತುವನ್ನು ನಿರ್ಮಿಸುವ ವಿಚಾರವೂ ಇದೆ. ಇಲ್ಲಿ ಸೇತುವೆಂದರೆ ಹೊಳೆ ದಾಟುವ ಸೇತುವೆಯಲ್ಲ. ಧರ್ಮಶಾಸ್ತ್ರಕಾರರು ಸೇತುವನ್ನು ಎರಡು ಬಗೆಯಾಗಿ ಹೇಳುತ್ತಾರೆ: ನೀರನ್ನು ಹರಿಸಲು ಅಗೆದುದು ಒಂದು, ನೀರನ್ನು ತಡೆಯಲು ಕಟ್ಟಿದುದು ಇನ್ನೊಂದು. ಮೊದಲನೆಯದು ನಮ್ಮ ಕಾಲುವೆ, ಎರಡನೆಯದು ನಮ್ಮ ಕಟ್ಟೆ.

ಈ ಪ್ರಕರಣದ ತೀರ್ಪು ಎರಡು ಹೆಜ್ಜೆಗಳಲ್ಲಿದೆ. ತನಗೆ ಅಲ್ಪ ಬಾಧೆಯಾಗಿ ಹಲವರಿಗೆ ಒಳಿತಾಗುವಂತಿದ್ದರೆ ಹೊಲದ ಒಡೆಯನು ಸೇತುವನ್ನು ತಡೆಯಬಾರದು. ಕಡಿಮೆ ಜಾಗ ಹಿಡಿದು ಹೆಚ್ಚು ನೀರು ಕೊಡುವ ಬಾವಿಗೂ ಇದೇ ನಿಯಮ. ಆದರೆ ಒಡೆಯನಿಗೆ ತಿಳಿಸದೆಯೇ ಅವನ ಹೊಲದಲ್ಲಿ ಸೇತು ಮಾಡಿದವನಿಗೆ ಅದರ ಫಲ ಸಲ್ಲುವುದಿಲ್ಲ; ಅದು ಒಡೆಯನಿಗೆ, ಒಡೆಯನಿಲ್ಲದ ಪಕ್ಷದಲ್ಲಿ ಅರಸನಿಗೆ ಸೇರುತ್ತದೆ. ಪಾಳುಬಿದ್ದ ಹಳೆಯ ಸೇತುವನ್ನು ದುರಸ್ತಿ ಮಾಡುವವನೂ ಒಡೆಯನನ್ನು ಕೇಳಿಯೇ ಮಾಡಬೇಕೆಂದು ನಾರದಸ್ಮೃತಿ ವಿಧಿಸುತ್ತದೆ. ಅಂದರೆ, ಕೇಳಿದರೆ ಒಡೆಯನು ಇಲ್ಲವೆನ್ನುವಂತಿಲ್ಲ, ಕೇಳದೆ ಅಗೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ. ನೀರಿನ ಅಗತ್ಯವನ್ನೂ ನೆಲದ ಮರ್ಯಾದೆಯನ್ನೂ ಒಟ್ಟಿಗೆ ಕಾಪಾಡುವ ಈ ತೂಕವನ್ನು ಮುಂದಿನ ಎಲ್ಲ ಕಾನೂನುಗಳೂ ಒಂದಲ್ಲ ಒಂದು ರೀತಿಯಲ್ಲಿ ಅರಸಿವೆ.

ಶಾಸ್ತ್ರದ ಮಾತು ಹಾಗಿರಲಿ, ರೂಢಿಯಲ್ಲಿ ನಡೆದದ್ದೇನು? ನಾಸಿಕ್ ಜಿಲ್ಲೆಯ ಬಾಗಲಾಣ, ಕಳವಣ ತಾಲ್ಲೂಕುಗಳಲ್ಲೂ ನೆರೆಯ ಧುಳೆ ಜಿಲ್ಲೆಯಲ್ಲೂ 'ಫಡ' ಎಂಬ ನೀರಾವರಿ ಪದ್ಧತಿ ಕೆಲವು ಶತಮಾನಗಳಿಂದ ನಡೆದುಬಂದಿದೆ. ಮೋಸಂ, ಆರಂ, ಪಾಂಝರಾ ನದಿಗಳಿಗೆ ಅಡ್ಡಲಾಗಿ 'ಬಂಧಾರಾ' ಕಟ್ಟಿ (ಉತ್ತರ ಕರ್ನಾಟಕದವರಿಗೆ ಇದು 'ಬಾಂದಾರ' ಎಂದೇ ಪರಿಚಿತ) ಅಲ್ಲಿಂದ 'ಪಾಟ' ಎನ್ನುವ ಕಾಲುವೆಯನ್ನು ತೆಗೆಯುತ್ತಾರೆ. ನೀರುಣ್ಣುವ ಜಮೀನನ್ನು ಸಾಮಾನ್ಯವಾಗಿ ನಾಲ್ಕು ಫಡಗಳಾಗಿ ವಿಂಗಡಿಸಿ, ಒಂದೊಂದು ಫಡದಲ್ಲಿ ಒಂದೊಂದೇ ಬೆಳೆಯನ್ನು ಸರದಿಯಂತೆ ಬೆಳೆಯುತ್ತಾರೆ. ಒಂದೇ ಕುಟುಂಬದ ತುಂಡು ಜಮೀನುಗಳು ಸಾಮಾನ್ಯವಾಗಿ ಬೇರೆ ಬೇರೆ ಫಡಗಳಲ್ಲಿ ಹಂಚಿಕೊಂಡಿರುತ್ತವೆ. ಮಳೆ ಕೈಕೊಟ್ಟ ವರ್ಷ ಎಷ್ಟು ಫಡಗಳಿಗೆ ನೀರು ಕೊಡಬೇಕೆಂದು ಊರೇ ಕುಳಿತು ತೀರ್ಮಾನಿಸುತ್ತದೆ.

ಕಾಲುವೆಯ ಜಗಳಕ್ಕೆ ಈ ಏರ್ಪಾಟಿನಲ್ಲಿ ಎಡೆ ಕಡಿಮೆ. ಇಂದು ನನ್ನ ಹೊಲದ ಮೂಲಕ ನಿಮಗೆ ನೀರು ಹೋಗುತ್ತದೆ; ಇನ್ನೊಂದು ಫಡದಲ್ಲಿ ನಿಮ್ಮ ಹೊಲದ ಮೂಲಕ ನನಗೆ ಬರುತ್ತದೆ. ನೀರು ಹರಿಸಲು 'ಪಾಟಕರಿ', ಬೆಳೆ ಕಾಯಲು 'ಜಾಗಲ್ಯಾ' ಎಂಬ ಊರ ಚಾಕರಿಯವರಿದ್ದು, ಅವರಿಗೆ ಬೆಳೆಯಲ್ಲಿಯೇ ಆಯ ಸಲ್ಲುತ್ತಿತ್ತು. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ವರ್ಷಕ್ಕೊಮ್ಮೆ ಪಾಟದ ಹೂಳೆತ್ತುವಾಗ ಪ್ರತಿ ರೈತನೂ ಆಳು ಕೊಡಬೇಕಿತ್ತು. ಇಲ್ಲಿ ನೀರಿನ ಹಕ್ಕು ಕಾಗದದಲ್ಲಿರಲಿಲ್ಲ, ಹೂಳೆತ್ತಿದ ಕೈಯಲ್ಲಿತ್ತು. ಕನ್ನಡದ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆಗಳ ಹಿಂದೆಯೂ ಇದೇ ತಿಳಿವಳಿಕೆಯಿದೆ: ನೀರನ್ನು ಉಣ್ಣುವ ನೆಲವೇ ನೀರಿನ ದಾರಿಯನ್ನು ಸಾಕಬೇಕು.

ಬ್ರಿಟಿಷರ ಕಾಲದಲ್ಲಿ ಈ ರೂಢಿಯ ಪಕ್ಕದಲ್ಲಿ ಲಿಖಿತ ಕಾನೂನು ಬಂದು ನಿಂತಿತು. 1879ರ ಮುಂಬಯಿ ನೀರಾವರಿ ಕಾಯ್ದೆ ನಾಸಿಕಕ್ಕೆ ಅನ್ವಯಿಸಿದಂತೆಯೇ ಆಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರಗಳಿಗೂ ಅನ್ವಯಿಸಿತು. ಅದರ ಪ್ರಕಾರ ಪರರ ನೆಲದಲ್ಲಿ ಹೊಲಗಾಲುವೆ ತೆಗೆಯಬೇಕಾದವನು ಮೊದಲು ನೆಲದವನ ಒಪ್ಪಿಗೆ ಪಡೆಯಬೇಕು. ಅದು ಸಿಗದಿದ್ದರೆ ಕಾಲುವೆ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಕಾಲುವೆಯನ್ನು ಪಡೆದವನ ಹೊಣೆಗಳನ್ನೂ ಕಾಯ್ದೆ ಹೇಳಿತು. ಅವನು ಅದನ್ನು ಸುಸ್ಥಿತಿಯಲ್ಲಿಡಬೇಕು, ಅಕ್ಕಪಕ್ಕದವರು ಅದನ್ನು ದಾಟಿ ಓಡಾಡಲು ಅನುಕೂಲ ಮಾಡಿಕೊಡಬೇಕು, ಅಡ್ಡ ಬರುವ ರಸ್ತೆಗೂ ಮಳೆನೀರಿನ ಹಾದಿಗೂ ತಡೆಯಾಗದಂತೆ ನೋಡಿಕೊಳ್ಳಬೇಕು.

1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದೇ ತಿಳಿದು, ಅಡೆತಡೆಯಿಲ್ಲದೆ ಅನುಭವಿಸಿದ ನೀರಿನ ದಾರಿ ಹಕ್ಕಾಗಿ ನಿಲ್ಲುತ್ತದೆಂದು ಅದು ಹೇಳುತ್ತದೆ. ಕಾಲುವೆ ಹಾದುಹೋಗುವ ನೆಲದ ಒಡೆಯನು ಕೈಯಾರೆ ಅದರ ಹೂಳೆತ್ತಬೇಕಾಗಿಲ್ಲ. ಹರಿವಿಗೆ ತಡೆಯೊಡ್ಡದಿದ್ದರೆ ಸಾಕು. ದುರಸ್ತಿಯ ಖರ್ಚು ನೀರೊಯ್ಯುವವನದು. ದುರಸ್ತಿಗಾಗಿ ಅವನು ಆ ನೆಲಕ್ಕೆ ಕಾಲಿಡಬಹುದು, ಆದರೆ ಆದಷ್ಟು ಕಡಿಮೆ ತೊಂದರೆ ಕೊಡಬೇಕು, ಅಗೆದ ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು.

ಅಮೆರಿಕದ ಕೊಲರಾಡೊ ನೋಡಿದ ಓದುಗರಿಗೆ ಇಂಥ ನಿಯಮಗಳು ಅಲ್ಲಿಯೂ ಎದುರಾಗಿರಬಹುದು. ಒಣ ನಾಡಿನಲ್ಲಿ ಪರರ ನೆಲದ ಮೂಲಕ ನೀರೊಯ್ಯುವ ಹಕ್ಕನ್ನು ಅಲ್ಲಿನ ವರಿಷ್ಠ ನ್ಯಾಯಾಲಯ 1872ರಲ್ಲಿಯೇ ಎತ್ತಿಹಿಡಿಯಿತು. ನೆಲದ ಒಡೆಯ ಕಾಲುವೆಯ ದಿಕ್ಕನ್ನು ತಾನೇ ಬದಲಿಸುವಂತಿಲ್ಲ, ಹಕ್ಕುದಾರನ ಒಪ್ಪಿಗೆಯನ್ನೋ ನ್ಯಾಯಾಲಯದ ಅನುಮತಿಯನ್ನೋ ಮೊದಲು ಪಡೆಯಬೇಕು ಎಂದು 2001ರಲ್ಲಿ ಅದೇ ನ್ಯಾಯಾಲಯ ಹೇಳಿತು. ಕಲ್ಯಾಣದ ಪಂಡಿತನು ಕಾಲುವೆ ತೋಡುವವನಿಗೆ ಹೇಳಿದ 'ಕೇಳಿ ಮಾಡು' ಎಂಬ ಮಾತನ್ನು ಕೊಲರಾಡೊದ ನ್ಯಾಯಾಧೀಶರು ಕಾಲುವೆ ಸರಿಸುವವನಿಗೆ ಹೇಳಿದರು.

ನಾಸಿಕದಿಂದ ಈಗ ಪೂರ್ವಕ್ಕೆ ಬರೋಣ. 2023ರವರೆಗೆ ಔರಂಗಾಬಾದ್ ಎಂದು ಕರೆಯುತ್ತಿದ್ದ ಸಂಭಾಜಿನಗರವು 1956ರ ಭಾಷಾವಾರು ವಿಂಗಡಣೆಯವರೆಗೆ ಬೀದರ್, ಕಲಬುರಗಿ, ರಾಯಚೂರುಗಳೊಂದಿಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಈ ನಗರದ ಮೂಲ ಖಡ್ಕಿ. ಅದನ್ನು 1610ರಲ್ಲಿ ಕಟ್ಟಿದವನು ಅಹಮದನಗರದ ನಿಜಾಮಶಾಹಿಯ ಮಲಿಕ್ ಅಂಬರ್. ಅವನು ಊರಿಗೆ ನೀರು ತರಲು ನಿರ್ಮಿಸಿದ 'ನಹರ್-ಎ-ಅಂಬರಿ' ನೆಲದಡಿಯ ಕಾಲುವೆ. ಉತ್ತರದ ಗುಡ್ಡಗಳ ತಪ್ಪಲಿನ ಅಂತರ್ಜಲವನ್ನು ಸಂಗ್ರಹಿಸಿ, ಕಲ್ಲುಗಾರೆಯ ಸುರಂಗದಲ್ಲೂ ಸುಟ್ಟ ಮಣ್ಣಿನ ಕೊಳವೆಗಳಲ್ಲೂ ಅದು ನಗರಕ್ಕೆ ಹರಿಸುತ್ತಿತ್ತು. ಒಳಗಿಳಿದು ಶುಚಿ ಮಾಡಲು ದಾರಿಯುದ್ದಕ್ಕೂ ಬಾಯಿಗಳಿದ್ದವು. ಇಂಥದೇ ಇನ್ನೊಂದು ನಹರ್‌ನ ನೀರಿನಿಂದ ತಿರುಗುತ್ತಿದ್ದ 1744ರ ಪನ್‌ಚಕ್ಕಿಯನ್ನು ಪ್ರವಾಸಿಗರು ಇಂದಿಗೂ ನೋಡುತ್ತಾರೆ. ಬೀದರಿನ ನೌಬಾದ್ ಕರೇಜ್, ವಿಜಯಪುರದ ಸುರಂಗ ಬಾವಡಿ ಇವುಗಳ ಬಂಧುಗಳು.

ಹೊಲದ ಕಾಲುವೆ ಕಣ್ಣೆದುರಿಗಿರುತ್ತದೆ, ಮುಚ್ಚಿದರೆ ಕೆಳಗಿನವನು ಬಂದು ಕೇಳುತ್ತಾನೆ. ನೆಲದಡಿಯ ನಹರ್‌ಗೆ ಆ ಕಾವಲಿರಲಿಲ್ಲ. ಊರು ಬೆಳೆದಂತೆ ಅದರ ಮೇಲೆ ಮನೆಗಳೆದ್ದವು, ಅಡಿಪಾಯಗಳೂ ಕೊಳವೆಬಾವಿಗಳೂ ಅದರ ದಾರಿಯನ್ನು ಕಡಿದವು, ಬಾಯಿಗಳು ಮುಚ್ಚಿಹೋದವು. ಯಾವ ಮನೆಯವನಿಗೂ ತಾನು ನೀರನ್ನು ತಡೆದೆನೆಂದು ಅನ್ನಿಸಿರಲಾರದು, ಅವನು ಕಟ್ಟಿದ್ದು ತನ್ನ ನಿವೇಶನದಲ್ಲಿ. ಹೀಗೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ನೀರು ಕೊಟ್ಟ ಕಾಲುವೆಯ ಬಹುಭಾಗ ಯಾರ ದ್ವೇಷವೂ ಇಲ್ಲದೆ ಹಾಳಾಯಿತು. ಕೆಡುವ ಮುನ್ನ ಅದು ಯಾರ ಹೊಣೆಯೂ ಅಲ್ಲದಾಗಿತ್ತು ಎಂಬುದೇ ಇದರ ಪಾಠ.

ಕೈಬಿಟ್ಟ ಹೊಣೆಯನ್ನು ಮತ್ತೆ ಎತ್ತಿಕೊಂಡ ಉದಾಹರಣೆಯೂ ನಾಸಿಕದಲ್ಲಿದೆ. ದಿಂಡೋರಿ ತಾಲ್ಲೂಕಿನ ವಾಘಾಡ ಅಣೆಕಟ್ಟಿನ ಕಾಲುವೆ ಓಝರ್ ಗ್ರಾಮದವರೆಗೆ ಬರುತ್ತಿದ್ದರೂ ಕೊನೆಯಲ್ಲಿದ್ದ ಹೊಲಗಳಿಗೆ ನೀರು ಸಿಗುತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಸಮಾಜ ಪರಿವರ್ತನ ಕೇಂದ್ರದ ಬಾಪು ಉಪಾಧ್ಯೆ, ಭರತ್ ಕಾವಳೆಯವರ ಮುಂದಾಳತ್ವದಲ್ಲಿ ಓಝರ್‌ನ ರೈತರು ಮೂರು ನೀರು ಬಳಕೆದಾರರ ಸಂಘಗಳನ್ನು ಕಟ್ಟಿದರು. ಸರ್ಕಾರದಿಂದ ನೀರನ್ನು ಅಳತೆಯ ಮೇಲೆ ಪಡೆದು, ಒಳಗಿನ ಹಂಚಿಕೆಯನ್ನೂ ಹೊಲಗಾಲುವೆಗಳ ದುರಸ್ತಿಯನ್ನೂ ತಾವೇ ವಹಿಸಿಕೊಂಡರು. ಕಾಲುವೆಯ ಕೊನೆಯವರೇ ಸಂಘಟನೆಗೆ ಮೊದಲಿಗರಾದುದು ಗಮನಾರ್ಹ. 2005ರಲ್ಲಿ ಮಹಾರಾಷ್ಟ್ರವು ರೈತರಿಂದ ನೀರಾವರಿ ನಿರ್ವಹಣೆಗೆಂದೇ ಕಾಯ್ದೆ ಮಾಡಿದಾಗ ಇಂಥ ಅನುಭವಗಳು ಅದರ ಹಿಂದಿದ್ದವು. ಫಡದ ಊರುಗಳಲ್ಲಿ ರೂಢಿಯಾಗಿದ್ದ ನೀತಿ ಹೀಗೆ ಶಾಸನವಾಗಿ ಮರಳಿತು.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ಊರಿನಲ್ಲಿ ಪಿತ್ರಾರ್ಜಿತ ಹೊಲವನ್ನೋ, ಒಮ್ಮೆ ಗದ್ದೆಯಾಗಿದ್ದ ನಿವೇಶನವನ್ನೋ ಉಳ್ಳವರು. ಸುಗ್ಗಿಯ ಲೆಕ್ಕ ನಮಗೆ ತಲುಪುತ್ತದೆ. ಬೇಸಿಗೆಯಲ್ಲಿ ಕಾಲುವೆಯ ಹೂಳು ತೆಗೆಯುವ ದಿನದ ಸುದ್ದಿ ತಲುಪುವುದಿಲ್ಲ. ಪಹಣಿಯಲ್ಲಿ ಹೆಸರು ಸರಿಯಿದೆಯೇ ಎಂದು ನೋಡುವ ನಾವು ಗ್ರಾಮನಕ್ಷೆಯಲ್ಲಿ ನೀರಿನ ಗೆರೆ ಎಲ್ಲಿ ಹಾದಿದೆ ಎಂಬುದನ್ನು ನೋಡುವುದು ವಿರಳ. ಆವರಣದ ಗೋಡೆ ಕಟ್ಟಿಸುವಾಗ ಆ ಗೆರೆಯ ಮೇಲೊಂದು ಕೊಳವೆಯನ್ನಾದರೂ ಬಿಡಬೇಕೆಂದು ಗುತ್ತಿಗೆದಾರನಿಗೆ ಹೇಳುವುದಂತೂ ಇನ್ನೂ ವಿರಳ. ಕಾಲುವೆಯ ವಿಷಯದಲ್ಲಿ ಒಡೆಯನನ್ನು ಕೇಳಬೇಕೆಂದು ಧರ್ಮಶಾಸ್ತ್ರ ವಿಧಿಸಿದ್ದು ಒಡೆಯ ಊರಿನಲ್ಲಿ ಸಿಗುತ್ತಾನೆ ಎಂಬ ನಂಬಿಕೆಯಿಂದ. ಕೆಳಗಿನ ಹೊಲದವರು ಕೇಳಬಂದಾಗ ನಮ್ಮ ಪರವಾಗಿ ಉತ್ತರ ಕೊಡುವವರೊಬ್ಬರು ಅಲ್ಲಿರುವಂತೆ ನೋಡಿಕೊಳ್ಳುವುದು, ಹೂಳೆತ್ತುವ ದಿನ ನಮ್ಮ ಪಾಲಿನ ಆಳಿನ ಕೂಲಿಯನ್ನು ಮುಟ್ಟಿಸುವುದು, ದೂರದಲ್ಲಿರುವ ಒಡೆಯನಿಂದ ಆಗದ ಕೆಲಸವೇನೂ ಅಲ್ಲ.