ಲೂರ್ದಿನ ದರ್ಶನಗಳು: ಜನಭಕ್ತಿ ಮತ್ತು ಧರ್ಮಸಭೆಯ ವಿವೇಚನೆ

ಮಾತೆ ಮರಿಯಮ್ಮನವರ ದರ್ಶನವಾಯಿತೆಂಬ ಹೇಳಿಕೆಗಳನ್ನು ಕಥೋಲಿಕ ಧರ್ಮಸಭೆ ಪರಿಶೀಲಿಸುವ ಬಗೆಯಲ್ಲಿ ದೊಡ್ಡ ಸಂಯಮವಿದೆ. ಕ್ರಿಸ್ತನಲ್ಲಿ ಪೂರ್ಣಗೊಂಡು ಪ್ರೇಷಿತರ ಕಾಲಕ್ಕೆ ಮುಗಿದ ದೈವಪ್ರಕಟಣೆಯನ್ನು ‘ಸಾರ್ವಜನಿಕ ಪ್ರಕಟಣೆ’ ಎಂದು ಕರೆದು, ಅದನ್ನು ಎಲ್ಲ ವಿಶ್ವಾಸಿಗಳೂ ಒಪ್ಪಲೇಬೇಕೆಂದು ಅದು ಬೋಧಿಸುತ್ತದೆ. ಅನಂತರದ ದರ್ಶನಗಳು ‘ಖಾಸಗಿ ಪ್ರಕಟಣೆ’ಗಳಾಗಿದ್ದು, ಮನ್ನಣೆ ದೊರೆತ ಮೇಲೂ ಅವುಗಳನ್ನು ನಂಬುವ ಕಡ್ಡಾಯವಿಲ್ಲ. ಮುಂದೆ 14ನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪರಾದ ಪ್ರೊಸ್ಪೆರೊ ಲಂಬರ್ತಿನಿ 18ನೆಯ ಶತಮಾನದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ನಿರೂಪಿಸಿದ್ದರು. ಇದು ಜನಭಕ್ತಿಯ ಎದುರಿನಲ್ಲಿ ಹೇಗೆ ಕಾರ್ಯಗತವಾಯಿತೆಂಬುದನ್ನು ಫ್ರಾನ್ಸಿನ ಲೂರ್ದ್ ಪ್ರಕರಣ ಚೆನ್ನಾಗಿ ತೋರಿಸುತ್ತದೆ.

1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ, ಬಡ ಗಿರಣಿಗಾರನ ಮಗಳಾದ 14 ವರ್ಷದ ಬರ್ನಾಡೆಟ್ ಸುಬಿರು, ಮಸಾಬಿಯೆಲ್ ಗವಿಯಲ್ಲಿ 18 ಬಾರಿ ಒಬ್ಬ ಸ್ತ್ರೀಯನ್ನು ಕಂಡುದಾಗಿ ಹೇಳಿದಳು. ಪೊಲೀಸ್ ಅಧಿಕಾರಿ ಜಾಕೊಮೆ ಆಕೆಯನ್ನು ವಿಚಾರಣೆಗೊಳಪಡಿಸಿದನು. ಪ್ರಾಂತ್ಯಾಡಳಿತವು ಜೂನ್‌ನಲ್ಲಿ ಗವಿಗೆ ಹಲಗೆಯ ಬೇಲಿ ಹಾಕಿಸಿತು. ಅಕ್ಟೋಬರ್‌ನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಜ್ಞೆಯಂತೆ ಅದನ್ನು ತೆಗೆಯಲಾಯಿತು. ಸ್ಥಳೀಯ ಗುರು ಪೆರಮಾಲ್ ಕೂಡ ಮೊದಲಿಗೆ ಸಂದೇಹದಿಂದಲೇ ಆ ಸ್ತ್ರೀಯ ಹೆಸರು ಕೇಳಿ ಬರುವಂತೆ ಸೂಚಿಸಿದ್ದರು. ಮಾರ್ಚ್ 25ರಂದು ಬಾಲಕಿ ತಂದ ಉತ್ತರ ‘ಅಮಲೋದ್ಭವಿ’ ಎಂಬರ್ಥದ್ದು. ಮರಿಯಮ್ಮನವರು ಉದ್ಭವದ ಕ್ಷಣದಿಂದಲೇ ಜನ್ಮಪಾಪದಿಂದ ಮುಕ್ತರಾಗಿದ್ದರೆಂಬ ಈ ಬೋಧನೆಯನ್ನು 9ನೆಯ ಪಿಯುಸ್ 1854ರ ಡಿಸೆಂಬರ್ 8ರಂದು ವಿಶ್ವಾಸಸತ್ಯವೆಂದು ಘೋಷಿಸಿದ್ದರು. ಓದುಬರಹ ಬಾರದ ಬಾಲಕಿಗೆ ಈ ಮಾತು ತಿಳಿದಿರಲಾರದೆಂಬ ವಾದವನ್ನು ಭಕ್ತಿಸಾಹಿತ್ಯ ಬಹಳ ನೆಚ್ಚಿಕೊಂಡಿದೆ. ಆದರೆ ಅಮಲೋದ್ಭವದ ಹಬ್ಬವು ಧರ್ಮಸಭೆಯಲ್ಲಿ ಆಗಲೇ ಆಚರಣೆಯಲ್ಲಿದ್ದುದರಿಂದ, ಇಡೀ ಪ್ರಕರಣದ ಭಾರವನ್ನು ಇದೊಂದರ ಮೇಲೆಯೇ ಹೊರಿಸುವುದು ಉಚಿತವಲ್ಲ.

ತಾರ್ಬಿನ ಧರ್ಮಾಧ್ಯಕ್ಷ ಲೊರಾನ್ಸ್ ಅವರೂ ಹಾಗೆ ಹೊರಿಸಲಿಲ್ಲ. ಅವರು ನೇಮಿಸಿದ ಆಯೋಗವು ಬಾಲಕಿಯ ಪ್ರಾಮಾಣಿಕತೆ, ಮಾನಸಿಕ ಸ್ವಾಸ್ಥ್ಯ, ಗವಿಯ ಚಿಲುಮೆಗೆ ಸಂಬಂಧಿಸಿ ವರದಿಯಾದ ರೋಗನಿವಾರಣೆಗಳು, ಜನರಲ್ಲಿ ಮೂಡಿದ ಆಧ್ಯಾತ್ಮಿಕ ಫಲ ಇವೆಲ್ಲವನ್ನೂ ಒಟ್ಟಿಗೆ ತೂಗಿತು. 1862ರ ಜನವರಿ 18ರ ನಿರ್ಣಯಪತ್ರವು ದರ್ಶನಗಳು ನಿಜವೆಂದು ನಂಬಲು ವಿಶ್ವಾಸಿಗಳಿಗೆ ಆಧಾರವಿದೆಯೆಂದು ಸಾರಿ, ಅಂತಿಮ ತೀರ್ಪನ್ನು ಪೋಪರಿಗೆ ಒಪ್ಪಿಸಿತು. ಭಕ್ತಿ ಅಷ್ಟರಲ್ಲಿ ಬೇರೂರಿತ್ತು. ನಿರ್ಣಯವು ಅದನ್ನು ಹುಟ್ಟಿಸದೆ, ಬಲಿಪೂಜೆ ಮತ್ತು ಸಂಸ್ಕಾರಗಳ ಚೌಕಟ್ಟಿನೊಳಕ್ಕೆ ತಂದಿತು. 1883ರಲ್ಲಿ ಆರಂಭವಾದ ವೈದ್ಯಕೀಯ ಕಚೇರಿಯು ಇದೇ ಎಚ್ಚರವನ್ನು ರೋಗನಿವಾರಣೆಗಳ ಪರೀಕ್ಷೆಗೂ ವಿಸ್ತರಿಸಿತು: ಸಾವಿರಾರು ವರದಿಗಳ ಪೈಕಿ ಧರ್ಮಾಧ್ಯಕ್ಷರು ಪವಾಡವೆಂದು ಒಪ್ಪಿದವು ಸುಮಾರು 70 ಮಾತ್ರ.

ಆದರೆ ಎಲ್ಲ ಕ್ಷೇತ್ರಗಳೂ ಈ ದಾರಿಯಲ್ಲೇ ಬೆಳೆದಿಲ್ಲ. ಕರ್ನಾಟಕದ ಭಕ್ತರೂ ಹೋಗಿಬರುವ ತಮಿಳುನಾಡಿನ ವೇಲಾಂಕಣಿಯಲ್ಲಿ ಮರಿಯಮ್ಮನವರ ದರ್ಶನದ ಕಥನಗಳು ಪರಂಪರೆಯಾಗಿ ಉಳಿದುಬಂದವು. ಆ ದೇವಾಲಯಕ್ಕೆ 1962ರಲ್ಲಿ ಬಸಿಲಿಕ ಪದವಿ ದೊರೆಯಿತು. ದರ್ಶನಗಳ ವಿವೇಚನೆಯ ಕ್ರಮವೂ ಈಗ ಬದಲಾಗಿದೆ: 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಪ್ರಕಟಿಸಿದ ಹೊಸ ನಿಯಮಗಳು ಘಟನೆ ದೈವಿಕವೆಂದು ಘೋಷಿಸುವುದನ್ನು ಸಾಮಾನ್ಯವಾಗಿ ಕೈಬಿಟ್ಟು, ‘ಅಡ್ಡಿಯಿಲ್ಲ’ ಎಂಬ ಅನುಮತಿಗೆ ಆದ್ಯತೆ ಕೊಟ್ಟಿವೆ.

ದರ್ಶನ ಕಂಡವರ ಸ್ಥಾನದ ಬಗ್ಗೆಯೂ ಧರ್ಮಸಭೆ ಇದೇ ಸಂಯಮದ ನಿಲುವು ತಳೆದಿದೆ. ಬರ್ನಾಡೆಟ್ 1866ರಲ್ಲಿ ಲೂರ್ದ್ ಬಿಟ್ಟು ನೆವೆರ್ ಪಟ್ಟಣದ ಕನ್ಯಾಮಠ ಸೇರಿ, ರೋಗಿಗಳ ಆರೈಕೆ ಮಾಡುತ್ತ, ತಾನೂ ದೀರ್ಘಕಾಲ ನರಳಿ 1879ರಲ್ಲಿ ತೀರಿಕೊಂಡಳು. 1933ರ ಡಿಸೆಂಬರ್ 8ರಂದು ಆಕೆಗೆ ಸಂತ ಪದವಿ ದೊರೆತದ್ದು ಕಂಡ ದರ್ಶನಗಳಿಗಾಗಿ ಅಲ್ಲ, ಆ ಮಠದಲ್ಲಿ ಬದುಕಿದ ರೀತಿಗಾಗಿ.