ಹಾರುವ ಹದ್ದಿನ ಛಾಯಾಚಿತ್ರ: ಬೆಳಕಿನ ಅಳತೆಯ ಚರಿತ್ರೆ

ಪಶ್ಚಿಮ ಬೆಂಗಳೂರಿನಲ್ಲಿ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಹಬ್ಬಿರುವ ವಿಜಯನಗರದ ಮೇಲೆ ಹದ್ದುಗಳು ಸುತ್ತುವುದನ್ನು ಅಲ್ಲಿಯ ನಿವಾಸಿಗಳೆಲ್ಲರೂ ಕಂಡವರೇ. ನಗರದಲ್ಲಿ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವ ಬೇಟೆಹಕ್ಕಿ ಮತ್ತೊಂದಿಲ್ಲ. ಆದರೂ ಅದರ ಚಿತ್ರವನ್ನು ತೆಗೆಯಲು ಹೊರಟವರಿಗೆ ಮೊದಮೊದಲು ದೊರೆಯುವುದು ಬಿಳುಪಾದ ಆಕಾಶಕ್ಕೆ ಅಂಟಿಸಿದಂತಿರುವ ಒಂದು ಕರಿಯ ಆಕೃತಿ ಮಾತ್ರ. ಗರಿಯ ಬಣ್ಣವಾಗಲಿ, ಕಣ್ಣಾಗಲಿ, ರೆಕ್ಕೆಯ ಒಳಮೈಯ ಪಟ್ಟೆಗಳಾಗಲಿ ಅದರಲ್ಲಿ ಕಾಣವು. ಇದು ಹವ್ಯಾಸಿಗಳ ಸಣ್ಣ ತೊಡಕೆಂದು ತೋರಬಹುದು. ಆದರೆ ಪಕ್ಷಿಗಳ ಅಧ್ಯಯನದಲ್ಲಿ ಕೋವಿಯ ಸ್ಥಾನಕ್ಕೆ ಕ್ಯಾಮರಾ ಬರುವುದು ಬಹುಕಾಲ ತಡವಾದುದಕ್ಕೆ ಈ ತೊಡಕೂ ಒಂದು ಕಾರಣವಾಗಿದ್ದಿತು.

ಬೇಟೆಹಕ್ಕಿಗಳ ಪರಿಚಯ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಡೇಗೆಗಳನ್ನು ಪಳಗಿಸಿ ಬೇಟೆಯಾಡಿಸುವ ಶ್ಯೇನವಿನೋದದ ವಿವರಣೆಯಿದೆ. ಕೈಮೇಲೆ ಕುಳಿತ ಹಕ್ಕಿಯ ಗರಿಗಳನ್ನು ಪರೀಕ್ಷಿಸಲು ಅಡ್ಡಿಯೇನೂ ಇರಲಿಲ್ಲ. 19ನೆಯ ಶತಮಾನದ ಪಕ್ಷಿಶಾಸ್ತ್ರಜ್ಞರಿಗಾದರೋ ಆ ಅನುಕೂಲವಿರಲಿಲ್ಲ. ಅವರು ಹಕ್ಕಿಯನ್ನು ಗುಂಡಿಟ್ಟು ಕೆಡವಿ, ಚರ್ಮವನ್ನು ಸುಲಿದು ಒಣಗಿಸಿ, ಅದರ ಲಕ್ಷಣಗಳನ್ನು ಬರೆದಿಡುತ್ತಿದ್ದರು. 1939-40ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಲೀಂ ಅಲಿಯವರು ನಡೆಸಿದ ಪಕ್ಷಿಸಮೀಕ್ಷೆಯಲ್ಲಿಯೂ ಮಾದರಿಗಳನ್ನು ಸಂಗ್ರಹಿಸಲು ಕೋವಿಯೇ ಸಾಧನವಾಗಿದ್ದಿತು.

ಇದನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ನ್ಯಾಯವಾಗದು. ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಬರುವ ಸೆಳೆವಗಳಲ್ಲಿ ಎರಡು ಜಾತಿಗಳ ಹೆಣ್ಣುಗಳು ಒಂದನ್ನೊಂದು ಬಹಳ ಹೋಲುತ್ತವೆ. ಅವನ್ನು ಬೇರ್ಪಡಿಸಬೇಕಾದರೆ ಕತ್ತಿನ ಪಟ್ಟಿಯನ್ನೂ ರೆಕ್ಕೆಯ ಒಳಮೈಯ ಗೆರೆಗಳನ್ನೂ ನೋಡಬೇಕು. ಹಕ್ಕಿ ತಲೆಯ ಮೇಲೆ ಹಾರುವಾಗ ಸದಾ ನೆರಳಿನಲ್ಲಿರುವುದು ಆ ಒಳಮೈಯೇ. ಆ ನೆರಳನ್ನು ಭೇದಿಸಲಾರದ ಚಿತ್ರವು ಸಾಕ್ಷ್ಯವಾಗಿ ನಿಲ್ಲಲಾರದು.

ಹಾರುವ ಹಕ್ಕಿಯನ್ನು ಚಿತ್ರದಲ್ಲಿ ಹಿಡಿದ ಮೊದಲಿಗರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮರೇ ಪ್ರಮುಖನು. 1882ರಲ್ಲಿ ಅವನು ನಿರ್ಮಿಸಿದ ಉಪಕರಣಕ್ಕೆ ಕೋವಿಯ ಆಕಾರವಿದ್ದು, ‘ಛಾಯಾಚಿತ್ರದ ಕೋವಿ’ ಎಂಬ ಹೆಸರೇ ಬಂದಿತು. ಅದು ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುತ್ತಿತ್ತು. ಒಂದೊಂದಕ್ಕೂ ಬೆಳಕು ಬೀಳುತ್ತಿದ್ದ ಅವಧಿ ಸೆಕೆಂಡಿನ 720ರಲ್ಲಿ ಒಂದು ಭಾಗ. ರೆಕ್ಕೆಯ ಚಲನೆ ನಿಂತಿತು. ಆದರೆ ಅಷ್ಟು ಅಲ್ಪಕಾಲದಲ್ಲಿ ಆಕಾಶದ ಬೆಳಕಲ್ಲದೆ ಹಕ್ಕಿಯ ಮೈಬೆಳಕು ಫಲಕದಲ್ಲಿ ಮೂಡುವಂತಿರಲಿಲ್ಲವಾಗಿ, ದೊರೆತದ್ದು ಕಪ್ಪು ಆಕೃತಿಗಳೇ. ಮುಂದೆ ಅವನು ಬಿಳಿಯ ಹಕ್ಕಿಗಳನ್ನು ಕಪ್ಪು ಹಿನ್ನೆಲೆಯ ಮುಂದೆ ಹಾರಿಸಿ ಈ ಕಷ್ಟವನ್ನು ಕಳೆದುಕೊಂಡನು. ಬೆಟ್ಟದ ಮೇಲೆ ತೇಲುವ ರಣಹದ್ದಿಗೆ ಅಂತಹ ಹಿನ್ನೆಲೆಯನ್ನು ಒದಗಿಸುವವರಾರು?

ಬೆಳಕನ್ನು ವಿದ್ಯುತ್ತಿನಿಂದ ಅಳೆಯುವ ವೆಸ್ಟನ್ ಮಾಪಕವು 1932ರಲ್ಲಿ ಬಳಕೆಗೆ ಬಂದಾಗ ಕಷ್ಟ ನೀಗಿತೆಂದು ಅನೇಕರು ಭಾವಿಸಿರಬಹುದು. ಆದರೆ ಮಾಪಕಕ್ಕೆ ತನ್ನ ಮುಂದಿರುವುದು ಹಕ್ಕಿಯೋ ಆಕಾಶವೋ ಎಂಬ ವಿವೇಕವಿಲ್ಲ. ಎದುರಿಗಿರುವುದೆಲ್ಲವೂ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದೆಂದು ಅದರ ಗ್ರಹಿಕೆ. ಮೋಡ ಮುಸುಕಿದ ಬೆಳ್ಳನೆಯ ಆಕಾಶಕ್ಕೆ ಅದನ್ನು ಹಿಡಿದರೆ, ಆಕಾಶವನ್ನು ಬೂದಾಗಿಸುವಷ್ಟೇ ಬೆಳಕನ್ನು ಸೂಚಿಸುತ್ತದೆ. ಅದರ ನಡುವಣ ಹದ್ದು ಸಹಜವಾಗಿಯೇ ಮಸಿಯಾಗುತ್ತದೆ. ಆದುದರಿಂದ ಬಲ್ಲವರು ಆಕಾಶವನ್ನು ಅಳೆಯದೆ, ಹಕ್ಕಿಯ ಮೇಲೆ ಬೀಳುವ ಬಿಸಿಲೇ ಬೀಳುತ್ತಿರುವ ಹುಲ್ಲನ್ನೋ ಮಣ್ಣನ್ನೋ ಅಳೆದು, ಆ ಅಳತೆಯನ್ನೇ ಕ್ಯಾಮರಾದಲ್ಲಿ ಸ್ಥಿರವಾಗಿರಿಸುವ ಕ್ರಮವನ್ನು ಹಿಡಿದರು. ಹದ್ದು ಮೋಡದ ಮುಂದೆ ಬಂದರೂ ನೀಲಿಯ ಮುಂದೆ ಬಂದರೂ ಅದರ ಮೈಮೇಲಿನ ಬಿಸಿಲು ಒಂದೇ ಆಗಿರುವ ತನಕ ಅಳತೆಯನ್ನು ಬದಲಿಸಬೇಕಾದುದಿಲ್ಲ.

ಮಾಪಕವಿಲ್ಲದವರಿಗೂ ಒಂದು ಸೂತ್ರವಿದ್ದಿತು. ಪೂರ್ಣ ಬಿಸಿಲಿನಲ್ಲಿ ಎಫ್ 16ರ ರಂಧ್ರಕ್ಕೆ, ಫಿಲಂನ ವೇಗವೆಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಸಾಕು. 1935ರಲ್ಲಿ ಬಂದ ಕೊಡಾಕ್ರೋಮ್ ವರ್ಣಫಿಲಂನ ವೇಗ ಸುಮಾರು 10 ಮಾತ್ರ. ರಂಧ್ರವನ್ನು ಎಫ್ 4ಕ್ಕೆ ಅಗಲಿಸಿದರೂ ಶಟರ್ ಸೆಕೆಂಡಿನ 160ನೆಯ ಭಾಗದಷ್ಟು ತೆರೆದಿರಲೇಬೇಕು. ಅಷ್ಟರೊಳಗೆ ರೆಕ್ಕೆಯ ತುದಿ ಮಸುಕಾಗುವುದು ಖಂಡಿತ. 400ರ ವೇಗ ಕೈಗೆ ಬಂದಮೇಲೆ ಎಫ್ 8ರಲ್ಲಿ 1,600ನೆಯ ಭಾಗ ಸಾಧ್ಯವಾಯಿತು. ಒಳಮೈಯ ನೆರಳಿಗಾಗಿ ಬೆಳಕನ್ನು ಇಮ್ಮಡಿಸಿ 800ನೆಯ ಭಾಗಕ್ಕೆ ಇಳಿಸಿದರೂ ತೇಲುವ ಹದ್ದು ಸ್ಪಷ್ಟವಾಗಿ ನಿಲ್ಲುತ್ತದೆ.

ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣವನ್ನು ಬೆಳೆಸಿದವರು ಫಿಲಂನ ಈ ಶಿಸ್ತಿನಲ್ಲಿ ಪಳಗಿದವರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932-2017) ಅವರು ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಈ ವಿದ್ಯೆಯನ್ನು ಕಲಿತು, ತಾವೂ ಅನೇಕರಿಗೆ ಗುರುಗಳಾದರು. ಸಂಡೂರಿನ ರಾಜಮನೆತನದ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸಿನ ಸಚಿವರಾಗಿದ್ದ ಎಂ. ವೈ. ಘೋರ್ಪಡೆಯವರು (1931-2011) 1983ರಲ್ಲಿ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಕಪ್ಪು-ಬಿಳುಪು ಚಿತ್ರಗಳ ಗ್ರಂಥವನ್ನು ಪ್ರಕಟಿಸಿದರು. ಬಿಸಿಲು-ನೆರಳು ಎಂಬ ಆ ಹೆಸರೇ ಕಪ್ಪು-ಬಿಳುಪಿನ ಛಾಯಾಗ್ರಾಹಕನ ಮುಖ್ಯ ಚಿಂತೆಯನ್ನು ಹೇಳುತ್ತದೆ. ನೆಗೆಟಿವ್ ಫಿಲಂನಲ್ಲಿ ನೆರಳಿಗೆ ತಕ್ಕಷ್ಟು ಬೆಳಕನ್ನು ಕೊಡಬೇಕೆಂಬುದು ನಿಯಮ. ಹೆಚ್ಚಾದ ಬೆಳಕನ್ನು ಕತ್ತಲೆಕೋಣೆಯಲ್ಲಿ ಮುದ್ರಿಸುವಾಗ ಬಹುಮಟ್ಟಿಗೆ ಸರಿಪಡಿಸಬಹುದಾಗಿದ್ದಿತು. ಫಲಿತಾಂಶವನ್ನು ತಿಳಿಯಲು ಫಿಲಂ ತೊಳೆಯುವವರೆಗೂ ಕಾಯಬೇಕಾದುದರಿಂದ, ಬೆಳಕನ್ನು ಕಣ್ಣಿನಿಂದ ಓದುವ ಅಭ್ಯಾಸ ಅನಿವಾರ್ಯವಾಗಿದ್ದಿತು.

ಡಿಜಿಟಲ್ ಕ್ಯಾಮರಾ ಬಂದಮೇಲೆ ನಿಯಮ ತಿರುವುಮುರುವಾಯಿತು. ಇದರಲ್ಲಿ ನೆರಳನ್ನು ಅನಂತರ ಸ್ವಲ್ಪಮಟ್ಟಿಗೆ ಎತ್ತಬಹುದು. ಮಿತಿಮೀರಿ ಬೆಳಗಿದ ಬಿಳುಪು ಮಾತ್ರ ಮರಳಿ ಬಾರದು. ಗರುಡನ ತಲೆ ಮತ್ತು ಎದೆ ಬಿಳುಪು, ಮೈ ಕೆಂಗಂದು. ಕೆಂಗಂದಿಗೆಂದು ಬೆಳಕನ್ನು ಹೆಚ್ಚಿಸಿದರೆ ಎದೆಯ ಗರಿಗಳು ಸುಣ್ಣ ಬಳಿದಂತಾಗುವುವು. ಆದ್ದರಿಂದ ಬಿಸಿಲು ಬಿದ್ದ ಗರುಡನಿಗೆ ಬೆಳಕನ್ನು ಸ್ವಲ್ಪ ಹಿಡಿದು, ಬಿಳಿಯ ಆಕಾಶದೆದುರಿನ ಕಂದು ಹದ್ದಿಗೆ ಮಾಪಕದ ಸೂಚನೆಗಿಂತ ಒಂದೆರಡು ಸ್ಟಾಪ್ ಹೆಚ್ಚು ಕೊಡಬೇಕಾಗುತ್ತದೆ. ಇಷ್ಟಾದರೂ ನೆತ್ತಿಯ ಸೂರ್ಯನಿಗೆ ಯಾವ ಯಂತ್ರವೂ ಮದ್ದಲ್ಲ. ಬೆಳಗ್ಗೆ ಮತ್ತು ಸಂಜೆಯ ಓರೆಬಿಸಿಲು ರೆಕ್ಕೆಯ ಅಡಿಗೆ ನುಗ್ಗುತ್ತದೆ. ಒಣಹುಲ್ಲು, ಮರಳು, ಬೋಳುಬಂಡೆಗಳು ಬೆಳಕನ್ನು ಮೇಲಕ್ಕೆ ಚೆಲ್ಲುತ್ತವೆ. ತಿರುಗುವ ಹಕ್ಕಿ ಸೂರ್ಯನ ಕಡೆಗೆ ಒಳಮೈಯನ್ನು ವಾಲಿಸುವ ಕ್ಷಣಕ್ಕಾಗಿ ಕಾಯುವುದೇ ಉತ್ತಮವಾದ ಉಪಾಯ.

ಅಂತಹ ಬಂಡೆಗಳ ನಾಡು ವಿಜಯನಗರಕ್ಕೆ ದೂರವಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿಗಳನ್ನು ದಾಟಿದರೆ ರಾಮನಗರ. ಅಲ್ಲಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವಾಗಿ ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದು ಅಲ್ಲಿಯ ಬಂಡೆಯ ಚಾಚುಗಳಲ್ಲಿ ಗೂಡುಕಟ್ಟುವ ಪಕ್ಷಿ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಕಳೇಬರದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆಂಬುದು 2004ರಲ್ಲಿ ಪ್ರಕಟವಾಯಿತು; 2006ರಲ್ಲಿ ಭಾರತವು ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಅಷ್ಟರೊಳಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಅಳಿದುಹೋಗಿದ್ದುವು.

ಮಾದರಿಗೆಂದು ಒಂದು ಹಕ್ಕಿಯನ್ನು ಕೊಲ್ಲುವುದಿರಲಿ, ಗೂಡಿನ ಬಳಿ ಸುಳಿದು ಬೆದರಿಸುವುದೂ ಈಗ ಸಲ್ಲದು. ಬಂಡೆಯ ಮೇಲೆ ತೇಲುವ ಪಕ್ಷಿ ಮರಿಯೋ ಪ್ರೌಢವೋ, ಈ ವರ್ಷ ಮರಿಗಳು ಹಾರಿದುವೋ ಇಲ್ಲವೋ ಎಂಬುದನ್ನು ದೂರದಿಂದಲೇ, ಕೊರಳ ತುಪ್ಪುಳದಿಂದಲೂ ಗರಿಗಳ ಬಣ್ಣ ಮತ್ತು ಸವೆತಗಳಿಂದಲೂ ತಿಳಿಯಬೇಕು. ಕಪ್ಪು ಆಕೃತಿಯಿಂದ ಒಂದು ರಣಹದ್ದು ಹಾರಿತೆಂಬುದಷ್ಟೇ ಗೊತ್ತಾಗುತ್ತದೆ. ನೆರಳಿನಲ್ಲಿಯೂ ಗರಿ ಗರಿಯಾಗಿ ಮೂಡಿದ ಚಿತ್ರವು, ಆ ಕುಲಕ್ಕೆ ಮುಂದಿನ ಪೀಳಿಗೆ ಹುಟ್ಟಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಕೊಡಬಲ್ಲುದು.